ಲಸಿಕೆ ಹಾಕಿದ ಮೇಲೆ ಮೊಟ್ಟೆಕೋಳಿ ಮಂಕಾದರೆ: ದಿನ ಎಣಿಸಿ ನೋಡುವ ಕ್ರಮ

ಮದ್ದೂರು ಕಡೆಯ ಹುಡುಗನೊಬ್ಬ ಬೆಳಗ್ಗೆ ಆರಕ್ಕೇ ಫೋನ್ ಮಾಡಿದ. "ಅಣ್ಣೋ, ನೆನ್ನೆ ಸಂಜೆ ನೀರಲ್ಲಿ ಲಸೋಟಾ ಕೊಟ್ಟೆ ಕಣಣ್ಣ. ಇವತ್ತು ನೋಡಿದ್ರೆ ಕೋಳಿ ಎಲ್ಲ ಸೀನ್ತಾ ಕುಂತವೆ. ಕೆಟ್ಟೋಗಿರೋ ವ್ಯಾಕ್ಸಿನ್ ಕೊಟ್ಬುಟ್ರಾ?"

"ಕೊಟ್ಟು ಎಷ್ಟು ಗಂಟೆ ಆಯ್ತಪ್ಪ?" ಅಂತ ಕೇಳಿದೆ. ಹನ್ನೆರಡು ಗಂಟೆ ಅಂದ.

ಲಸೋಟಾ ಅಂದರೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಹನ್ನೆರಡು ಗಂಟೆಯಲ್ಲಿ ಅದು ಕೋಳಿಯನ್ನು ಸೀನಿಸುವುದಿಲ್ಲ. ಅದಕ್ಕೆ ಎರಡು ಮೂರು ದಿನ ಬೇಕು. ಅಂದರೆ ಆ ಸೀನು ಲಸಿಕೆಗಿಂತ ಮೊದಲೇ ಶೆಡ್ಡಿನೊಳಗೆ ಬಂದು ಕೂತಿತ್ತು. ಅವನ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ವಿಷಯ ಹೇಳಿಬಿಡುತ್ತೇನೆ. ಲಸಿಕೆಯ ಅಡ್ಡಪರಿಣಾಮಕ್ಕೆ ಒಂದು ಕ್ಯಾಲೆಂಡರ್ ಇರುತ್ತದೆ. ಯಾವ ಲಸಿಕೆ, ಯಾವ ದಾರಿಯಲ್ಲಿ ಕೊಟ್ಟಿರಿ, ಇವತ್ತಿಗೆ ಎಷ್ಟನೇ ದಿನ, ಇಷ್ಟು ಗೊತ್ತಿದ್ದರೆ ಹೆದರಬೇಕೋ ಬೇಡವೋ ಅನ್ನುವುದು ಅರ್ಧ ಗೊತ್ತಾದಂತೆ.

ಕೋಳಿಯ ಮೈಯೊಳಗೆ ನಡೆಯುವುದು

ಲಸಿಕೆಯಲ್ಲಿ ಎರಡು ಜಾತಿ. ಒಂದು ಜೀವಂತ ಲಸಿಕೆ. ಲಸೋಟಾ, ಎಫ್ ತಳಿ (ಇದೂ ಕೊಕ್ಕರೆ ರೋಗದ್ದೇ), ಗಂಬೋರೋ, ಸಿಡುಬಿನ ಲಸಿಕೆ ಎಲ್ಲ ಇದರಲ್ಲಿ ಬರುತ್ತವೆ. ಶಕ್ತಿ ಕಳೆದುಕೊಂಡ ವೈರಸ್ ಕೋಳಿಯ ಮೈಯಲ್ಲಿ ನಿಜವಾಗಿಯೂ ಬೆಳೆಯುತ್ತದೆ, ಒಂದು ಚಿಕ್ಕ ಕಾಯಿಲೆಯ ನಾಟಕ ಆಡುತ್ತದೆ. ಆ ನಾಟಕವನ್ನೇ ನಾವು ಸೀನು, ನೀರುಗಣ್ಣು, ಮಂಕು ಅಂತ ನೋಡುವುದು. ಇನ್ನೊಂದು ಸತ್ತ ಲಸಿಕೆ, ಎಣ್ಣೆಯಲ್ಲಿ ಬೆರೆಸಿ ಬರುವ ಬಿಳಿ ದ್ರವ. ಇದು ಬೆಳೆಯುವುದಿಲ್ಲ. ಚುಚ್ಚಿದ ಜಾಗದಲ್ಲೇ ಕೂತು ನಿಧಾನವಾಗಿ ಹೊರಬರುತ್ತದೆ. ಅದಕ್ಕೇ ಇದರ ರಕ್ಷಣೆ ನಿಧಾನವಾಗಿ ಬಂದು ಜಾಸ್ತಿ ದಿನ ಉಳಿಯುತ್ತದೆ. ಗಂಟು, ನೋವು ಬರುವುದೂ ಅದಕ್ಕೇ.

ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಕಣಗಳು ಪಳಗುವುದು ಕೋಳಿಯ ಬಾಲದ ಬುಡದಲ್ಲಿರುವ ಬರ್ಸಾ ಅನ್ನುವ ಸಣ್ಣ ಚೀಲದಲ್ಲಿ. ಅದು ಯಾಕಿದೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಬರ್ಸಾ ತೆಗೆದ ಕೋಳಿ ಪ್ರತಿಕಾಯ ತಯಾರಿಸುವುದಿಲ್ಲ ಅಂತ 1956ರಲ್ಲಿ ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಜೊತೆಗಾರರು ತೋರಿಸಿದರು. ಮನುಷ್ಯರ ರಕ್ತದಲ್ಲೂ ಇರುವ 'ಬಿ' ಕಣಕ್ಕೆ ಆ 'ಬಿ' ಬಂದಿದ್ದು ಕೋಳಿಯ ಈ ಬರ್ಸಾದಿಂದಲೇ! ಗಂಬೋರೋ ರೋಗ ಹಾಳು ಮಾಡುವುದು ಇದೇ ಚೀಲವನ್ನು. ಮರಿ ವಯಸ್ಸಿನಲ್ಲಿ ಗಂಬೋರೋ ಬಂದು ಹೋದ ಬ್ಯಾಚಿಗೆ ಮುಂದೆ ಯಾವ ಲಸಿಕೆಯೂ ಸರಿಯಾಗಿ ಹತ್ತದಿರುವುದಕ್ಕೆ ಕಾರಣ ಇಲ್ಲಿದೆ.

ಇನ್ನೊಂದು ಅಂಗ ಕಣ್ಣುಗುಡ್ಡೆಯ ಹಿಂದಿರುವ ಹಾರ್ಡೇರಿಯನ್ ಗ್ರಂಥಿ. ಕಣ್ಣಿಗೆ ಹಾಕಿದ ಹನಿ ನೇರವಾಗಿ ಇದನ್ನು ಎಬ್ಬಿಸುತ್ತದೆ. ಆಗ ಕಣ್ಣು, ಮೂಗು, ಗಂಟಲಿನ ಲೋಳೆಯಲ್ಲೇ ಕಾವಲು ನಿಲ್ಲುತ್ತದೆ. ಮರಿಗಳನ್ನು ಒಂದೊಂದೇ ಹಿಡಿದು ಕಣ್ಣಿಗೆ ಹನಿ ಹಾಕುವುದು ಸೊಂಟ ಮುರಿಯುವ ಕೆಲಸ. ಆದರೂ ಮೊದಲ ಡೋಸನ್ನು ನಾನು ನೀರಲ್ಲಿ ಕೊಡುವುದಿಲ್ಲ.

ತಾಯಿಯಿಂದ ಬಂದ ರಕ್ಷಣೆಯ ಲೆಕ್ಕವೂ ಇದೆ. ಮೊಟ್ಟೆಯ ಹಳದಿಯಿಂದ ಮರಿಗೆ ಪ್ರತಿಕಾಯ ಬಂದಿರುತ್ತದೆ. ಕೊಕ್ಕರೆ ರೋಗದ್ದಾದರೆ ಅದು ನಾಲ್ಕೈದು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಅದು ಮೇಲಿರುವಾಗ ಲಸಿಕೆ ಕೊಟ್ಟರೆ ತಾಯಿಯ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ತಿಂದು ಹಾಕುತ್ತದೆ. ಅಡ್ಡಪರಿಣಾಮವೂ ಇಲ್ಲ, ರಕ್ಷಣೆಯೂ ಇಲ್ಲ. ಅದಕ್ಕೇ ಬೂಸ್ಟರ್ ಬೇಕಾಗುವುದು.

ಹೆಜ್ಜೆ 1: ಹಾಕುವ ಮೊದಲ ವಾರ, ನೋಟ್‌ಬುಕ್

ಲಸಿಕೆಗೆ ಒಂದು ವಾರ ಮೊದಲಿಂದ ನಾಲ್ಕು ಲೆಕ್ಕ ಬರೆಯಿರಿ: ದಿನಕ್ಕೆ ಎಷ್ಟು ಟ್ರೇ ಮೊಟ್ಟೆ, ಎಷ್ಟು ಫೀಡ್, ಎಷ್ಟು ನೀರು, ಎಷ್ಟು ಸಾವು. ಇದಿಲ್ಲದಿದ್ದರೆ ಆಮೇಲೆ "ಮೊಟ್ಟೆ ಕಮ್ಮಿ ಆಯ್ತು" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಏಪ್ರಿಲ್ ಬಿಸಿಲಿಗೆ ಕಮ್ಮಿ ಆಯಿತೋ, ಹೊಸ ಲೋಡ್ ಜೋಳಕ್ಕೆ ಕಮ್ಮಿ ಆಯಿತೋ, ಯಾರಿಗೆ ಗೊತ್ತು?

ರಾತ್ರಿ ಲೈಟ್ ಆರಿಸಿದ ಮೇಲೆ ಐದು ನಿಮಿಷ ಶೆಡ್ಡಿನಲ್ಲಿ ಸುಮ್ನೆ ನಿಂತು ಕಿವಿಗೊಡಿ. ಗೊರಗೊರ ಸದ್ದು, ಸೀನು ಕೇಳಿದರೆ ಲಸಿಕೆಯನ್ನು ಮುಂದಕ್ಕೆ ಹಾಕಿ ವೈದ್ಯರನ್ನು ಕರೆಯಿರಿ. ಲಸಿಕೆ ಇರುವುದು ಆರೋಗ್ಯವಾಗಿರುವ ಕೋಳಿಗೆ. ಹಿಕ್ಕೆಯ ವಾಸನೆಗೆ ನಿಮ್ಮ ಕಣ್ಣು ಉರಿದರೆ ಮೊದಲು ಹಿಕ್ಕೆ ತೆಗೆಸಿ, ಪರದೆ ಎತ್ತಿ ಗಾಳಿ ಆಡಿಸಿ. ಅಮೋನಿಯಾ ಉಸಿರಾಟದ ದಾರಿಯನ್ನು ಸವೆಸಿದ್ದರೆ ನಾಲ್ಕೈದು ದಿನದಲ್ಲಿ ಹೋಗಬೇಕಾದ ಸೀನು ಎರಡು ವಾರ ಎಳೆಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ಇನ್ನೊಂದು ಶತ್ರು. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಪ್ರತಿಕಾಯ ಹುಟ್ಟುವುದನ್ನೇ ಕುಗ್ಗಿಸುತ್ತದೆ.

ಲಸಿಕೆ ತರುವಾಗ ಐಸ್ ಹಾಕಿದ ಥರ್ಮಾಕೋಲ್ ಡಬ್ಬ ಕಡ್ಡಾಯ. 2ರಿಂದ 8 ಡಿಗ್ರಿ ಬಿಟ್ಟು ಆಚೀಚೆ ಹೋಗಬಾರದು. ಎಣ್ಣೆ ಲಸಿಕೆಯನ್ನು ಫ್ರೀಜರಿನಲ್ಲಿ ಇಡಲೇಬೇಡಿ. ಗಟ್ಟಿಯಾದರೆ ಎಣ್ಣೆ ಬೇರೆ, ನೀರು ಬೇರೆ ಆಗಿಬಿಡುತ್ತದೆ. ಊರಲ್ಲಿ ಕರೆಂಟ್ ಹೋಗಿ ಬರುವುದು ನಿಮಗೇ ಗೊತ್ತು. ಮನೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಸ್ಟಾಕ್ ಇಡುವ ಬದಲು ಬೇಕಾದಾಗ ತರುವುದು ಒಳ್ಳೆಯದು.

ಹೆಜ್ಜೆ 2: ಯಾವ ಲಸಿಕೆಗೆ ಯಾವ ವಯಸ್ಸು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಪಟ್ಟಿಯನ್ನು ನಿಮ್ಮ ಹ್ಯಾಚರಿ ಮತ್ತು ಪಶುವೈದ್ಯರು ಊರಿನ ರೋಗ ನೋಡಿ ತೀರ್ಮಾನಿಸಬೇಕು. ಸಾಮಾನ್ಯವಾಗಿ ಮಾರೆಕ್ಸ್ ಅನ್ನುವ ಗಡ್ಡೆ ರೋಗದ ಲಸಿಕೆ ಮೊದಲ ದಿನ ಹ್ಯಾಚರಿಯಲ್ಲೇ ಆಗಿರುತ್ತದೆ. 5ರಿಂದ 7ನೇ ದಿನ ಕೊಕ್ಕರೆ ರೋಗದ ಕಣ್ಣಹನಿ, ಎರಡನೇ ವಾರದಲ್ಲಿ ಗಂಬೋರೋ, ನಾಲ್ಕನೇ ವಾರದ ಹೊತ್ತಿಗೆ ಎರಡರ ಬೂಸ್ಟರ್. ಸಿಡುಬು 6ರಿಂದ 8 ವಾರಕ್ಕೆ. ಆರ್‌2ಬಿ 8ರಿಂದ 10 ವಾರಕ್ಕೆ. ಮೊಟ್ಟೆಗೆ ಬರುವ ಮುಂಚೆ, 16–18 ವಾರದ ಹೊತ್ತಿಗೆ, ಸತ್ತ ಲಸಿಕೆಯ ಇಂಜೆಕ್ಷನ್. ಅದರಲ್ಲಿ ಕೊಕ್ಕರೆ ರೋಗ, ಉಸಿರಾಟದ ಕಾಯಿಲೆ ಬ್ರಾಂಕೈಟಿಸ್, ಮೊಟ್ಟೆ ಇಳಿಸುವ ಇಡಿಎಸ್ ಒಟ್ಟಿಗೇ ಇರಬಹುದು.

ಆರ್‌2ಬಿ ಬಗ್ಗೆ ಒಂದು ಮಾತು. ನಮ್ಮಲ್ಲಿ ಕೊಕ್ಕರೆ ರೋಗ ಅನ್ನುವುದನ್ನು ದೇಶದ ಉಳಿದ ಕಡೆ ರಾಣಿಖೇತ್ ಅನ್ನುತ್ತಾರೆ. ಹೆಸರು ಉತ್ತರಾಖಂಡದ ಕುಮಾವೂನ್ ಬೆಟ್ಟದ ಊರಿನದು. ಅದಕ್ಕೆ ಆರ್‌2ಬಿ ಲಸಿಕೆ ತಯಾರಾಗಿದ್ದು ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ, 1940ರ ದಶಕದಲ್ಲಿ. ಗಟ್ಟಿ ಲಸಿಕೆ, ಆದರೆ ಸ್ವಲ್ಪ ಖಾರ. ಆರು ವಾರದೊಳಗಿನ ಮರಿಗೆ ಕೊಡಬಾರದು. ದೊಡ್ಡ ಮರಿಯಲ್ಲೂ ಕೆಲವಕ್ಕೆ ಕಾಲು ಸೋಲುವುದು, ಕತ್ತು ತಿರುಚುವುದು ಕಾಣಬಹುದು. ಮೊಟ್ಟೆ ಇಡುವ ಕೋಳಿಗೆ ಕೊಟ್ಟರೆ ಮೊಟ್ಟೆ ದಬಕ್ಕೆಂದು ಇಳಿಯುತ್ತದೆ. ಹಿಂದೆ ಹಾಕಿಸುವುದು ಮರೆತಿದ್ದೆ, ಈಗ ಹಾಕಿಬಿಡೋಣ ಅನ್ನಬೇಡಿ.

ಹೆಜ್ಜೆ 3: ಕೊಡುವ ವಿಧಾನ, ಇಲ್ಲೇ ಜಾಸ್ತಿ ತಪ್ಪು

ನನ್ನ ಅನುಭವದಲ್ಲಿ ಅಡ್ಡಪರಿಣಾಮ ಅಂತ ಬೈಸಿಕೊಳ್ಳುವ ಮುಕ್ಕಾಲು ಪಾಲು ಕೈತಪ್ಪು.

ನೀರಿನಲ್ಲಿ ಕೊಡುವುದರಿಂದ ಶುರು ಮಾಡೋಣ. ಎರಡು ದಿನ ಮೊದಲೇ ಟ್ಯಾಂಕಿಗೆ ಬ್ಲೀಚಿಂಗ್, ಸ್ಯಾನಿಟೈಸರ್ ನಿಲ್ಲಿಸಿ. ಕ್ಲೋರಿನ್ ಲಸಿಕೆಯ ವೈರಸ್ಸನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ನೀರೆಷ್ಟು? ಸಾವಿರ ಕೋಳಿಗೆ ವಯಸ್ಸಿನ ಒಂದು ದಿನಕ್ಕೆ ಒಂದು ಲೀಟರ್, 40 ಲೀಟರಿಗೆ ನಿಲ್ಲಿಸಿ ಅನ್ನುವುದು ಹಳೆಯ ಕೈಲೆಕ್ಕ. ಅಂದರೆ 28 ದಿನದ ಸಾವಿರ ಮರಿಗೆ 28 ಲೀಟರ್. ಲೀಟರಿಗೆ ಎರಡರಿಂದ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ, ಅರ್ಧ ಗಂಟೆ ಬಿಟ್ಟು ಆಮೇಲೆ ಲಸಿಕೆ ಬೆರೆಸಿ. ಉಳಿದ ಕ್ಲೋರಿನ್ನನ್ನೂ ನಮ್ಮ ಬೋರ್ ನೀರಿನ ಲೋಹದ ಅಂಶವನ್ನೂ ಹಾಲು ಹಿಡಿದುಕೊಳ್ಳುತ್ತದೆ. ಬಾಟ್ಲಿಯ ಮುಚ್ಚಳವನ್ನು ನೀರಿನೊಳಗೇ ತೆಗೆಯಿರಿ. ಕಲಸಿದ ಕೈಗೆ ಸೋಪಿನ ವಾಸನೆಯೂ ಇರಬಾರದು.

ಲಸಿಕೆ ನೀರು ಕೊಡುವ ಮೊದಲು ನೀರು ತಪ್ಪಿಸಿ ಬಾಯಾರಿಸುವುದು ಬೇಸಿಗೆಯಲ್ಲಿ ಒಂದು ಗಂಟೆ ಸಾಕು, ಚಳಿಗಾಲದಲ್ಲಿ ಎರಡು ಗಂಟೆ. ಮೊಟ್ಟೆ ಇಡುವ ಕೋಳಿಗೆ ಅದಕ್ಕಿಂತ ಜಾಸ್ತಿ ನೀರು ತಪ್ಪಿಸಿದರೆ ಮೊಟ್ಟೆ ಇಳಿಯುತ್ತದೆ, ಆ ಪಾಪವೂ ಲಸಿಕೆಯ ತಲೆಗೇ ಬರುತ್ತದೆ. ಬಿಸಿಲೇರುವ ಮೊದಲೇ ಕೆಲಸ ಮುಗಿಸಿ. ಒಂದೂವರೆ ಎರಡು ಗಂಟೆಯಲ್ಲಿ ಎಲ್ಲ ಕುಡಿದು ಖಾಲಿಯಾಗಬೇಕು. ನಿಪ್ಪಲ್ ಲೈನ್ ಇದ್ದರೆ ಕೊನೆಯ ನಿಪ್ಪಲ್‌ವರೆಗೆ ಹಾಲುನೀರು ಬಂತಾ ಅಂತ ಒತ್ತಿ ನೋಡಿ. ನಾನು ನೀಲಿ ಬಣ್ಣದ ಮಾತ್ರೆ ಹಾಕುತ್ತೇನೆ. ಆಮೇಲೆ ಅಲ್ಲಲ್ಲಿ ನೂರು ಕೋಳಿ ಹಿಡಿದು ನಾಲಿಗೆ ನೋಡಿದರೆ ಯಾವ ಸಾಲಿಗೆ ಲಸಿಕೆ ಹೋಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಇದು ಶೋಕಿಯಲ್ಲ. ಅರ್ಧ ಕೋಳಿಗೆ ಮಾತ್ರ ಲಸಿಕೆ ಹೋದರೆ, ಸಿಕ್ಕ ಕೋಳಿಯಿಂದ ಸಿಗದ ಕೋಳಿಗೆ ಲಸಿಕೆ ವೈರಸ್ ಮೆಲ್ಲಗೆ ಹರಡುತ್ತಾ ಹೋಗುತ್ತದೆ. ಸೀನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಉರುಳಿ ಮೂರು ವಾರ ನಿಲ್ಲುವುದೇ ಇಲ್ಲ.

ಕಣ್ಣಹನಿಯಲ್ಲಿ ತಪ್ಪಾಗುವುದು ಅವಸರಕ್ಕೆ. ಹನಿ ಬಿದ್ದು, ಕೋಳಿ ಒಮ್ಮೆ ಕಣ್ಣು ಮಿಟುಕಿಸುವ ತನಕ ಕೈ ಬಿಡಬೇಡಿ. ಬೆರೆಸಿದ ಬಾಟ್ಲಿಯನ್ನು ಐಸ್ ಮೇಲೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಮುಗಿಸಿ.

ಸಿಡುಬಿನ ಲಸಿಕೆ ರೆಕ್ಕೆಯ ಪೊರೆಗೆ, ಎರಡು ಮೊನೆಯ ಸೂಜಿಯಿಂದ. ನಾಲೆ ಬಯಲಿನ ಗದ್ದೆ ಕಬ್ಬಿನ ನಡುವೆ ಶೆಡ್ ಇರುವವರು ಇದನ್ನು ಬಿಡಲೇಬಾರದು, ಸಿಡುಬನ್ನು ಹೊತ್ತು ತರುವುದರಲ್ಲಿ ಸೊಳ್ಳೆಯೂ ಒಂದು. ಒಂದು ಸಲ ನನ್ನ ಶೆಡ್ಡಿನಲ್ಲಿ ಎಂಟನೇ ದಿನ ರೆಕ್ಕೆ ಬಿಚ್ಚಿ ನೋಡಿದರೆ ಒಂದು ಸಾಲಿನಲ್ಲಿ ಗುಳ್ಳೆಯೇ ಇಲ್ಲ. ಸುಸ್ತಾದ ಆಳು ಸೂಜಿಯನ್ನು ಲಸಿಕೆಯಲ್ಲಿ ಅದ್ದದೆ ಬರೀ ಚುಚ್ಚುತ್ತಾ ಹೋಗಿದ್ದ. ಕೋಳಿ ಒಂದೂ ಮಂಕಾಗಿರಲಿಲ್ಲ, ನಾನೂ ಖುಷಿಯಾಗಿದ್ದೆ! ಆ ಸಾಲಿಗೆ ಮತ್ತೆ ಹಾಕಿಸಿದೆ.

ಎಣ್ಣೆ ಇಂಜೆಕ್ಷನ್ನಿನಲ್ಲಿ ಕೈತಪ್ಪಿನ ಗುರುತು ಕೋಳಿಯ ಮೈಮೇಲೇ ಉಳಿಯುತ್ತದೆ. ಫ್ರಿಜ್ಜಿನಿಂದ ತೆಗೆದು ತಣ್ಣಗಿದ್ದಾಗಲೇ ಚುಚ್ಚಿದರೆ ನೋವು ಜಾಸ್ತಿ, ಗಂಟು ಜಾಸ್ತಿ. ಕೆಲವು ಗಂಟೆ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಚೆನ್ನಾಗಿ ಅಲುಗಿಸಿ. ಕತ್ತಿನ ಹಿಂಬದಿಯ ಚರ್ಮ ಎತ್ತಿ, ಕತ್ತಿನ ಮಧ್ಯಕ್ಕಿಂತ ಕೆಳಗೆ ಚುಚ್ಚಬೇಕು. ತಲೆಯ ಹತ್ತಿರ ಹೋದರೆ ಮುಖ ಊದುತ್ತದೆ. ತೊಡೆಗೆ ಚುಚ್ಚಿದರೆ ಕುಂಟು. ಎದೆಗೆ ಆಳವಾಗಿ ಚುಚ್ಚಿದರೆ ಸೂಜಿ ಪಿತ್ತಜನಕಾಂಗಕ್ಕೆ ತಗುಲಿ ಕೋಳಿ ಅಲ್ಲೇ ಸಾಯಬಹುದು. ಪ್ರತಿ 500 ಕೋಳಿಗೊಮ್ಮೆಯಾದರೂ ಸೂಜಿ ಬದಲಿಸಿ. ಮೊಂಡು ಸೂಜಿ ಕೀವು ಕಟ್ಟಿಸುತ್ತದೆ.

ಹೆಜ್ಜೆ 4: ಆಮೇಲಿನ ದಿನಗಳು

ಲಸೋಟಾದಂಥ ಜೀವಂತ ಲಸಿಕೆ ಕೊಟ್ಟ ಮೊದಲ ಎರಡು ದಿನ ಏನೂ ಕಾಣಬಾರದು. ಮೂರನೇ ದಿನದ ಸುಮಾರಿಗೆ ಅಲ್ಲೊಂದು ಇಲ್ಲೊಂದು ಸೀನು, ಕಣ್ಣಲ್ಲಿ ತೇವ. ಐದನೇ ದಿನಕ್ಕೆ ಜೋರಾದಂತೆ ಅನಿಸಬಹುದು. ಏಳನೇ ದಿನದ ಹೊತ್ತಿಗೆ ಇಳಿದಿರಬೇಕು. ಈ ಮಧ್ಯೆ ಕೋಳಿ ಫೀಡ್ ತಿನ್ನುತ್ತಿದ್ದರೆ, ಜುಟ್ಟು ಕೆಂಪಗಿದ್ದರೆ, ನೀವು ಹೋದಾಗ ಕತ್ತೆತ್ತಿ ನೋಡುತ್ತಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಲಸಿಕೆ ಹತ್ತುತ್ತಿದೆ ಅಂತಲೇ ಅರ್ಥ.

ಸತ್ತ ಲಸಿಕೆಯ ಕ್ಯಾಲೆಂಡರ್ ಇದಕ್ಕೆ ಉಲ್ಟಾ. ಇಲ್ಲಿ ತೊಂದರೆ ಮೊದಲ ದಿನವೇ ಬಂದು ಬೇಗ ಹೋಗುತ್ತದೆ. ಹಿಡಿದ ಭಯ, ಚುಚ್ಚಿದ ನೋವು, ಒಂದೆರಡು ದಿನ ತೂಕಡಿಕೆ, ಫೀಡ್ ಸ್ವಲ್ಪ ಉಳಿಯುವುದು. ಮೂರನೇ ದಿನಕ್ಕೆ ಫೀಡ್ ಮಾಮೂಲಿಗೆ ಬರಬೇಕು. ಕತ್ತಿನ ಸಣ್ಣ ಗಂಟು ಕೆಲವು ವಾರ ಕೈಗೆ ಸಿಗುತ್ತದೆ, ಅದು ಎಣ್ಣೆಯ ಗಂಟು. ಮೊಟ್ಟೆ ಇಡುತ್ತಿರುವ ಕೋಳಿಗೆ ಇಂಜೆಕ್ಷನ್ ಹಾಕಿಸಬೇಕಾಗಿ ಬಂದರೆ ಕೆಲವು ದಿನ ಟ್ರೇ ಲೆಕ್ಕ ಇಳಿದೇ ಇಳಿಯುತ್ತದೆ. ಮೊಟ್ಟೆ ತುದಿಗೇರಿರುವ ವಾರಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಸಿಡುಬು ಹಾಕಿದ 7ರಿಂದ 10ನೇ ದಿನದೊಳಗೆ ಚುಚ್ಚಿದ ಜಾಗದಲ್ಲಿ ಸಣ್ಣ ಊತ ಅಥವಾ ಹಕ್ಕಳೆ ಇರಬೇಕು. ಲಸಿಕೆ ಹತ್ತಿತೋ ಇಲ್ಲವೋ ಅಂತ ಲ್ಯಾಬಿಗೆ ಹೋಗದೆ ಬರಿಗಣ್ಣಿಂದ ನೋಡಬಹುದಾದದ್ದು ಇದೊಂದೇ. ಬಿಟ್ಟುಕೊಡಬೇಡಿ. ಶೆಡ್ಡಿನ ನಾಲ್ಕು ಕಡೆಯಿಂದ ಐವತ್ತು ಕೋಳಿಯಾದರೂ ನೋಡಿ.

ಈ ದಿನಗಳಲ್ಲಿ ಉಪಚಾರ ಸರಳ. ಕೋಳಿ ಸ್ಥಳಾಂತರ, ಕೊಕ್ಕು ಕತ್ತರಿಸುವುದು, ಫೀಡ್ ಬದಲಾವಣೆ ಎಲ್ಲ ಒಂದು ವಾರ ಮುಂದಕ್ಕೆ. ಲಸಿಕೆ ನೀರು ಖಾಲಿಯಾದ ಮೇಲೆ ಎಲೆಕ್ಟ್ರೋಲೈಟ್, ವಿಟಮಿನ್ ಕೊಡಬಹುದು, ಲಸಿಕೆಯ ಜೊತೆ ಬೇಡ. ನಾಲ್ಕು ಸೀನು ಕೇಳಿದ ತಕ್ಷಣ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಸುರಿಯುವ ಚಾಳಿ ನಮ್ಮ ಕಡೆ ಜಾಸ್ತಿ. ವೈರಸ್ಸಿಗೆ ಅದು ತಾಗುವುದಿಲ್ಲ, ಮೊಟ್ಟೆಯಲ್ಲಿ ಮಾತ್ರ ಉಳಿಯುತ್ತದೆ. ವೈದ್ಯರು ಬರೆದುಕೊಟ್ಟರೆ ಅದರ ಮಾತು ಬೇರೆ.

ಹೆಜ್ಜೆ 5: ಲಸಿಕೆಯ ಮೇಲೆ ಹಾಕಿ ಸುಮ್ಮನಾಗಬಾರದ ಲಕ್ಷಣ

ಸೀನು ಹತ್ತು ದಿನ ದಾಟಿತು. ಮುಖ ಊದಿತು, ಮೂಗಿನಿಂದ ವಾಸನೆಯ ಸಿಂಬಳ. ಹಸಿರು ಹಿಕ್ಕೆ, ಕತ್ತು ತಿರುಚು. ತೋಲುಮೊಟ್ಟೆ (ಗಟ್ಟಿ ಚಿಪ್ಪಿಲ್ಲದ್ದು), ಬಣ್ಣ ಹೋದ ಮೊಟ್ಟೆ ದಿನದಿನಕ್ಕೆ ಜಾಸ್ತಿ. ಸುಕ್ಕುಸುಕ್ಕಾದ ಮೊಟ್ಟೆ, ಒಡೆದರೆ ಬಿಳಿಭಾಗ ನೀರಿನಂತೆ ಹರಿಯುವುದು. ಇವು ಯಾವುದೂ ಮಾಮೂಲಿ ಲಸೋಟಾದ ಕೆಲಸವಲ್ಲ. ಮುಖದ ಊತ ಕೊರೈಜಾ ಅನ್ನುವ ಬ್ಯಾಕ್ಟೀರಿಯಾ ನೆಗಡಿ ಇರಬಹುದು, ತೋಲುಮೊಟ್ಟೆ ಇಡಿಎಸ್ ಇರಬಹುದು, ಸುಕ್ಕುಮೊಟ್ಟೆ ಬ್ರಾಂಕೈಟಿಸ್ ಇರಬಹುದು. ಎಳೆಯುವ ಸೀನಿನ ಹಿಂದೆ ಹಲವು ಸಲ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ.

ಒಮ್ಮೆಲೇ ಸಾವು ಏರಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಿದ್ದು ನೆನಪಿದೆ ಅಲ್ವಾ? ಸತ್ತ ಕೋಳಿಯನ್ನು ನೀವೇ ಕೊಯ್ಯಬೇಡಿ, ನಾಲೆಗೆ ಎಸೆಯಬೇಡಿ, ಉಳಿದದ್ದನ್ನು ಅವಸರಕ್ಕೆ ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಹೆಜ್ಜೆ 6: ರಕ್ತ ಪರೀಕ್ಷೆ

ಲಸಿಕೆ ಎಷ್ಟು ಹತ್ತಿದೆ ಅನ್ನುವುದಕ್ಕೆ ರಕ್ತದಲ್ಲಿರುವ ಪ್ರತಿಕಾಯ ಅಳೆಯುವ ಎಚ್‌ಐ ಪರೀಕ್ಷೆ ಇದೆ. ರೆಕ್ಕೆಯ ನರದಿಂದ ಒಂದೆರಡು ಎಂಎಲ್ ರಕ್ತ, ಶೆಡ್ಡಿಗೆ ಇಪ್ಪತ್ತು ಕೋಳಿ, ಬೇರೆ ಬೇರೆ ಮೂಲೆಯಿಂದ. ಜೀವಂತ ಲಸಿಕೆಯಾದರೆ ಸುಮಾರು ಮೂರು ವಾರದ ಮೇಲೆ, ಸತ್ತ ಲಸಿಕೆಯಾದರೆ ನಾಲ್ಕರಿಂದ ಆರು ವಾರದ ಮೇಲೆ ತೆಗೆಸಿ. ಫಲಿತಾಂಶ 1:8, 1:16, 1:32 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ, ಎರಡನೇ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಜಾಸ್ತಿ. ಸರಾಸರಿಯನ್ನು ಮಾತ್ರ ನೋಡಿ ಮಡಚಿಡಬೇಡಿ. ಇಪ್ಪತ್ತರಲ್ಲಿ ಹದಿನೈದು ಮೇಲೆ, ಐದು ತಳದಲ್ಲಿ ಇದ್ದರೆ ಕೆಲವು ಕೋಳಿಗೆ ಲಸಿಕೆ ಹೋಗೇ ಇಲ್ಲ ಅಂತ ಲೆಕ್ಕ. ಇನ್ನೊಂದು ವಿಷಯ, ಸಾವು ತಪ್ಪಿಸಲು ಕಡಿಮೆ ಪ್ರತಿಕಾಯ ಸಾಕಾಗಬಹುದು, ಆದರೆ ಮೊಟ್ಟೆ ಇಳಿಯದಂತೆ ಕಾಯಲು ಅದಕ್ಕಿಂತ ಬಹಳ ಮೇಲಿರಬೇಕು. ಲೇಯರ್ ಸಾಕುವವರಿಗೆ ಮೊಟ್ಟೆಗೆ ಬರುವ ಮುಂಚಿನ ಎಣ್ಣೆ ಇಂಜೆಕ್ಷನ್ ಅಷ್ಟು ಮುಖ್ಯವಾಗುವುದು ಅದಕ್ಕೇ. ಸ್ಯಾಂಪಲ್ ಎಲ್ಲಿಗೆ, ಹೇಗೆ ಕಳಿಸಬೇಕು ಅಂತ ನಿಮ್ಮ ಪಶುವೈದ್ಯರು ಹೇಳುತ್ತಾರೆ.

ನಿಮ್ಮ ಮೈ, ತಿನ್ನುವವರ ಹೊಟ್ಟೆ

ಎಣ್ಣೆ ಲಸಿಕೆ ನಿಮ್ಮ ಬೆರಳಿಗೆ ಚುಚ್ಚಿಕೊಂಡರೆ ಅರಿಶಿನ ಹಚ್ಚಿ ಕೂರಬೇಡಿ. ಸ್ವಲ್ಪವೇ ಹೋಗಿದ್ದರೂ ಎಣ್ಣೆ ಬೆರಳಿನೊಳಗೆ ಹರಡಿ ರಕ್ತ ಓಡಾಟ ನಿಲ್ಲಿಸಬಹುದು, ಬೆರಳೇ ಹೋಗಬಹುದು. ಬಾಟ್ಲಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ, ಇದು ಎಣ್ಣೆ ಲಸಿಕೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕೊಕ್ಕರೆ ರೋಗದ ಜೀವಂತ ಲಸಿಕೆ ಕಣ್ಣಿಗೆ ಸಿಡಿದರೆ ಕೆಲವು ದಿನ ಕಣ್ಣು ಕೆಂಪಾಗಿ ಸುರಿಯುತ್ತದೆ, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಲಸಿಕೆ ಹಾಕಿದ ಕೋಳಿಯ ಮೊಟ್ಟೆ ತಿನ್ನಬಹುದೇ ಅಂತ ಗಿರಾಕಿಗಳು ಕೇಳುತ್ತಾರೆ. ತಿನ್ನಬಹುದು. ಮಾಂಸಕ್ಕೆ ಮಾರುವುದಾದರೆ ಎಣ್ಣೆ ಲಸಿಕೆಯ ಲೇಬಲ್ ಮೇಲೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ, ಅಷ್ಟು ದಿನ ಬಿಡಿ. ಖಾಲಿ ಬಾಟ್ಲಿ, ಉಳಿದ ಲಸಿಕೆಯನ್ನು ತಿಪ್ಪೆಗೆ ಎಸೆಯದೆ ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿ ಆಮೇಲೆ ವಿಲೇವಾರಿ ಮಾಡಿ. ಬ್ಯಾಚ್ ನಂಬರ್ ಇರುವ ಚೀಟಿಯನ್ನು ಮಾತ್ರ ಕಿತ್ತು ನೋಟ್‌ಬುಕ್ಕಿಗೆ ಅಂಟಿಸಿ. ಲಸಿಕೆಯೇ ಕೆಟ್ಟಿತ್ತು ಅನ್ನುವ ಅನುಮಾನ ಬಂದರೆ ಮಾರಿದವರ ಹತ್ತಿರ ಮಾತಾಡಲು ನಿಮ್ಮ ಕೈಲಿರುವುದು ಅದೊಂದೇ.

ಮದ್ದೂರಿನ ಹುಡುಗನ ಶೆಡ್ಡಿಗೆ ಆವತ್ತು ಮಧ್ಯಾಹ್ನವೇ ಹೋದೆ. ಆರೇಳು ಕೋಳಿಗೆ ಒಂದು ಕಣ್ಣು ಮುಚ್ಚುವಷ್ಟು ಮುಖ ಊದಿತ್ತು. ಬಾಗಿಲಲ್ಲೇ ಆ ಕೊಳೆತ ವಾಸನೆ. ವೈದ್ಯರು ನೋಡಿ ಕೊರೈಜಾ ಅಂದರು, ಔಷಧಿ ಬರೆದುಕೊಟ್ಟರು. "ಮೊನ್ನೆ ರಾತ್ರಿ ಸೀನು ಕೇಳಿಸ್ತಿತ್ತಾ?" ಅಂದೆ. ಹುಡುಗ ತಲೆ ಕೆರೆದುಕೊಂಡ. "ಕೇಳಿಸ್ತಿತ್ತು ಕಣಣ್ಣ. ಧೂಳಿಗೇನೋ ಅನ್ಕಂಡೆ." ನೆನ್ನೆಯ ಲಸೋಟಾ ಹತ್ತಿರುವ ನಂಬಿಕೆಯಿಲ್ಲ, ಕೋಳಿ ಪೂರ್ತಿ ಚೇತರಿಸಿಕೊಂಡ ಮೇಲೆ ಇನ್ನೊಂದು ಸಲ ಕೊಡಿ ಅಂತ ವೈದ್ಯರು ತಾರೀಖು ಹೇಳಿದರು. ಅವನು ಅದನ್ನು ಫೀಡ್ ಕೋಣೆಯ ಗೋಡೆ ಮೇಲೆ ಇದ್ದಿಲಲ್ಲಿ ಬರೆದುಕೊಂಡ.